ಬಿಟ್ಟುಹೋದ ಒಂದು ‘ಆ್ಯಮ್’

ನಾನು ಮದುವೆಯಾಗಿ ತಿಪಟೂರಿನಿಂದ ಬೆಂಗಳೂರಿಗೆ ಬಂದದ್ದು 1979ರಲ್ಲಿ. ಬಂದ ಹೊಸತರಲ್ಲಿ ಮದುವೆ, ಮುಂಜಿ, ನಾಮಕರಣ ಎಂದು ಎಲ್ಲಿಗೆ ಹೋದರೂ ರೇಷ್ಮೆ ಸೀರೆಯ ಹೆಂಗಸರೊಬ್ಬರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, ‘ವೇರ್ ಆರ್ ಯು ಪುಟಪ್?’ ಎಂದು ಕೇಳಿಯೇ ಕೇಳುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ಬೆಪ್ಪಾದೆ. ನಾನು ಓದಿದ್ದು ಕನ್ನಡ ಮೀಡಿಯಂ. ‘ಪುಟ್’ ಎಂದರೆ ಇಡು, ಹಾಕು. ‘ಅಪ್’ ಎಂದರೆ ಮೇಲೆ. ಅಷ್ಟು ಗೊತ್ತಿತ್ತು. ಎರಡನ್ನೂ ಕೂಡಿಸಿದರೆ, ‘ನಿಮ್ಮನ್ನು ಎಲ್ಲಿ ಮೇಲಕ್ಕೆ ಇಟ್ಟಿದ್ದಾರೆ?’ ಎಂದಾಯಿತು. ನಮ್ಮ ಮನೆಯಲ್ಲಿ ಮೇಲಕ್ಕೆ ಇಡುತ್ತಿದ್ದದ್ದು ಹಳೇ ಟ್ರಂಕು, ಗೌರಿ ಹಬ್ಬದ ಮೊರ ಮತ್ತು ಉಪ್ಪಿನಕಾಯಿ ಭರಣಿ. ಅದೂ ಅಟ್ಟದ ಮೇಲೆ. ನಾನು ಕಣ್ಣುಕಣ್ಣು ಬಿಡುತ್ತಿದ್ದಾಗ ನಮ್ಮವರು ಹಿಂದಿನಿಂದ, ‘ಅಕ್ಕಿಪೇಟ್’ ಎಂದು ಹೇಳಿ ನನ್ನ ಮಾನ ಉಳಿಸಿದರು.

ಆಮೇಲೆ ತಿಳಿಯಿತು, ಮನೆ ಎಲ್ಲಿ ಎಂದು ಕೇಳುವುದಕ್ಕೆ ಬೆಂಗಳೂರಿನವರ ಇಂಗ್ಲಿಷ್ ಇದು ಎಂದು. ನಮ್ಮ ಕಡೆ ಊರಿಗೆ ಹೊಸಬರು ಬಂದರೆ ‘ಎಲ್ಲಿ ಇಳ್ಕೊಂಡಿದೀರಿ?’ ಎಂದು ಕೇಳುತ್ತಿದ್ದರು. ಕನ್ನಡದವರು ಬಂದ ಊರಿನಲ್ಲಿ ಇಳಿದುಕೊಳ್ಳುತ್ತಾರೆ, ಇಂಗ್ಲಿಷಿನವರು ಮೇಲೇರುತ್ತಾರೆ, ಎಂಥ ವಿಚಿತ್ರ ಎಂದುಕೊಂಡು ಸುಮ್ಮನಾದೆ.

ಸುಮ್ಮನಾಗಲು ನಮ್ಮವರು ಬಿಡಬೇಕಲ್ಲ. ಅವರದು ವಿಧಾನಸೌಧದಲ್ಲಿ ಗುಮಾಸ್ತೆಯ ಕೆಲಸ. ಸಂಜೆ ಬಂದು ಕಾಫಿ ಲೋಟ ಕೈಗೆ ತೆಗೆದುಕೊಂಡ ಕೂಡಲೇ, ‘ಮೂರು ದಿನ ಆಯ್ತು ಫೈಲು ಪುಟಪ್ ಮಾಡಿ, ಸಾಹೇಬರು ಸೈನ್ ಹಾಕಿಲ್ಲ’ ಎನ್ನುವರು. ರಾಜ್ಯದಲ್ಲಿ ಕನ್ನಡವನ್ನು ಆಡಳಿತ ಭಾಷೆ ಎಂದು ಕಾನೂನು ಮಾಡಿದ್ದು 1963ರಲ್ಲಿ. ಆದ್ದರಿಂದ ಕಡತದ ಹಾಳೆಯ ಮೇಲೆ ಅವರು ಬರೆಯುತ್ತಿದ್ದದ್ದು ‘ಆದೇಶಕ್ಕಾಗಿ ಮಂಡಿಸಿದೆ’ ಎಂದೇ. ಬಾಯಲ್ಲಿ ಮಾತ್ರ ಪುಟಪ್. ಹೀಗೆ ಒಂದೇ ಮಾತು ನಮ್ಮ ಮನೆಯ ವಿಳಾಸವೂ ಆಯಿತು, ನಮ್ಮ ಮನೆಯ ಸಂಬಳವೂ ಆಯಿತು. ಅದೇ ಮಾತಿನ ಮೂರನೆಯ ಅರ್ಥ ನನಗಾಗಿ ಕಾದು ಕೂತಿದೆಯೆಂದು ನನಗೇನು ಗೊತ್ತು?

ಅಕ್ಕಿಪೇಟೆಯ ಮನೆಯ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನೊಳಗೆ ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಬಳೆಗೆ ಬಳೇಪೇಟೆ, ಕುಂಬಾರರಿಗೆ ಕುಂಬಾರಪೇಟೆ, ಅರಳೆಗೆ ಅರಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ. ಅರಳೇಪೇಟೆ ಇಂಗ್ಲಿಷಿಗೆ ತಿರುಗಿ ಕಾಟನ್‌ಪೇಟೆಯಾಯಿತು. ಅದಕ್ಕೆ ಅಂಟಿಕೊಂಡೇ ಇರುವ ಅಕ್ಕಿಪೇಟೆ ಮಾತ್ರ ರೈಸ್‌ಪೇಟೆ ಆಗದೆ ಕನ್ನಡದಲ್ಲೇ ಉಳಿದುಕೊಂಡಿತು. ಹೆಸರು ಉಳಿಯಿತು ಅಷ್ಟೆ. ನಾನು ಬರುವ ಹೊತ್ತಿಗೆ ಮೂಟೆ ಅಕ್ಕಿ ಬೇಕಾದರೆ ನಾವು ತರಗುಪೇಟೆಗೆ ಹೋಗುತ್ತಿದ್ದೆವು. ‘ಅಕ್ಕಿಪೇಟೇಲಿದ್ದುಕೊಂಡು ಅಕ್ಕಿಗೆ ಅಲೀತೀರಲ್ಲ’ ಎಂದು ನಮ್ಮಪ್ಪ ಬಂದಾಗಲೆಲ್ಲ ನಗುತ್ತಿದ್ದರು.

ಮನೆ ರೈಲು ಡಬ್ಬಿಯ ಹಾಗಿತ್ತು. ಅಗಲ ಹತ್ತು ಅಡಿ ಇದ್ದರೆ ಹೆಚ್ಚು. ಉದ್ದಕ್ಕೆ ಮಾತ್ರ ಹೋಗುತ್ತಲೇ ಇತ್ತು. ಮುಂದಿನ ಕೋಣೆಯನ್ನು ಒಬ್ಬ ಅಂಗಡಿಯವರಿಗೆ ಸರಕು ಇಡಲು ಬಾಡಿಗೆಗೆ ಕೊಟ್ಟಿತ್ತು. ಅದರ ಹಿಂದೆ ಕತ್ತಲೆಯ ನಡುಮನೆ, ಅದರ ಪಕ್ಕಕ್ಕೆ ಒಂದು ಪುಟ್ಟ ಕೋಣೆ, ಆಮೇಲೆ ಅಡಿಗೆಮನೆ, ಕೊನೆಗೆ ಬಚ್ಚಲು. ಬೆಳಿಗ್ಗೆ ನಾಲ್ಕೂವರೆಗೆ ನಲ್ಲಿಯಲ್ಲಿ ನೀರು. ಆರೂವರೆಗೆ ಕೈಗಾಡಿಗಳ ಗಡಗಡ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೆ ಬರುತ್ತದೆಂದು ಇಡೀ ಬೀದಿ ಎದ್ದಿರುತ್ತಿತ್ತು.

ಈ ಮನೆಯ ಯಜಮಾನಿತಿ ನಮ್ಮತ್ತೆ. ಮೂವತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು, ಮುಂದಿನ ಕೋಣೆಯ ಬಾಡಿಗೆಯಲ್ಲಿ ಒಬ್ಬನೇ ಮಗನನ್ನು ಓದಿಸಿದವರು. ಕೆಟ್ಟವರಲ್ಲ. ಆದರೆ ಸಕ್ಕರೆ ಡಬ್ಬಿ ಅವರ ಕೈಯಲ್ಲೇ ಇರಬೇಕು. ಹಾಲಿನ ಲೆಕ್ಕ ಅವರೇ ಬರೆಯಬೇಕು. ನಾನು ಮಧ್ಯಾಹ್ನ ವಾರಪತ್ರಿಕೆ ಹಿಡಿದು ಕೂತರೆ, ಬೈಯುತ್ತಿರಲಿಲ್ಲ. ನನ್ನ ಎದುರಿಗೇ ಬಂದು ಮೊರ ಹಿಡಿದು ಅಕ್ಕಿ ಆರಿಸಲು ಕೂರುತ್ತಿದ್ದರು. ಆ ಮೊರದ ಸದ್ದಿನಲ್ಲಿ ಯಾವ ಧಾರಾವಾಹಿ ತಾನೇ ತಲೆಗೆ ಹತ್ತೀತು? ನಿಮ್ಮಲ್ಲಿ ಕೆಲವರಿಗಾದರೂ ಈ ಸದ್ದು ಗೊತ್ತಿರಬಹುದು.

1982ರಲ್ಲಿ ಮಗ ಹುಟ್ಟಿದ. ಅದೇ ವರ್ಷ ಗೋಕಾಕ್ ಚಳವಳಿ. ರಾಜ್‌ಕುಮಾರ್ ಬರುತ್ತಾರೆಂದು ಹಸುಗೂಸನ್ನು ಅತ್ತೆಯ ಕೈಗೆ ಕೊಟ್ಟು ಮೆರವಣಿಗೆ ನೋಡಲು ಓಡಿದ ನಾವೇ, 1986ರಲ್ಲಿ ಅದೇ ಕೂಸನ್ನು ಎತ್ತಿಕೊಂಡು ಇಂಗ್ಲಿಷ್ ಶಾಲೆಯ ಮುಂದೆ ಅರ್ಜಿಗೆ ಸಾಲು ನಿಂತೆವು. ಇದಕ್ಕೆ ನಾಚಿಕೆಪಡಬೇಕೋ ಬೇಡವೋ ನೀವೇ ಹೇಳಿ. ನಮ್ಮ ಬೀದಿಯವರೆಲ್ಲ ಆ ಸಾಲಿನಲ್ಲಿದ್ದರು.

ಶಾಲೆಯ ಹೆಸರು ಬೇಡ. ಅಲ್ಲಿ ಮಗುವಿಗಿಂತ ಮೊದಲು ತಾಯಿಗೆ ಸಂದರ್ಶನ. ನಮ್ಮವರಿಗೆ ರಜೆ ಸಿಕ್ಕದೆ, ನಾನು ಅತ್ತೆಯನ್ನು ಕರೆದುಕೊಂಡು ಹೋದೆ. ಒಂದು ವಾರದಿಂದ ನಮ್ಮವರು ನನಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದರು. ಹೆಸರು, ಓದು, ಮಗು ಏನು ತಿನ್ನುತ್ತದೆ, ಎಲ್ಲ ಸಿದ್ಧವಾಗಿತ್ತು. ಮುಖ್ಯೋಪಾಧ್ಯಾಯಿನಿಯ ಜೊತೆ ಇನ್ನಿಬ್ಬರು ಟೀಚರುಗಳಿದ್ದರು. ಅತ್ತೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ‘ವೇರ್ ಆರ್ ಯು ಪುಟಪ್?’ ಎಂದು ಪ್ರಶ್ನೆ ಬಂತು. ನನಗೆ ಖುಷಿಯಾಯಿತು. ಇದು ನನಗೆ ಗೊತ್ತಿದ್ದ ಪ್ರಶ್ನೆ! ಬರೀ ‘ಅಕ್ಕಿಪೇಟ್’ ಎಂದಿದ್ದರೆ ಮುಗಿಯುತ್ತಿತ್ತು. ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕೆಂದು ನಮ್ಮವರು ಹೇಳಿದ್ದರಲ್ಲ. ಅತ್ತೆಯ ಕಡೆ ಕೈ ತೋರಿಸಿ, ಗಟ್ಟಿಯಾಗಿ ಹೇಳಿದೆ:

‘ಐ ಪುಟ್ ಅಪ್ ವಿತ್ ಮೈ ಮದರ್ ಇನ್ ಲಾ.’

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಮೂವರೂ ನಕ್ಕರು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ‘ಸೋ ಡೂ ಐ, ಮೈ ಡಿಯರ್’ ಎಂದರು. ಮಗುವಿಗೆ ಸೀಟು ಸಿಕ್ಕಿತು. ನಾನೂ ನಕ್ಕೆ, ಏಕೆಂದು ತಿಳಿಯದೆ. ಬೆಂಚಿನ ಮೇಲೆ ಅತ್ತೆಯೂ ನಕ್ಕರು, ಸೊಸೆ ಏನೋ ಚೆನ್ನಾಗಿ ಮಾತಾಡಿದಳೆಂದು. ಹೊರಗೆ ಬಂದ ಮೇಲೆ, ‘ನನ್ನ ತೋರಿಸಿ ಏನಂದೆ?’ ಎಂದು ಕೇಳಿದರು. ‘ನಿಮ್ಮ ಜೊತೆ ಇದೀನಿ ಅಂದೆ ಅತ್ತೆ’ ಎಂದೆ. ಅವರು ನನ್ನ ಕೈ ಹಿಡಿದೇ ರಸ್ತೆ ದಾಟಿದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ವರದಿ ಒಪ್ಪಿಸಿದೆ. ಅವರು ಅನ್ನ ನೆತ್ತಿಗೆ ಹತ್ತುವಂತೆ ನಕ್ಕರು. ‘ಅಯ್ಯೋ ಮಾರಾಯ್ತಿ, ಪುಟಪ್ ವಿತ್ ಅಂದ್ರೆ ಸಹಿಸ್ಕೊಳ್ಳೋದು ಅಂತ! ನಮ್ಮತ್ತೇನ ಸಹಿಸ್ಕೊಂಡಿದೀನಿ ಅಂತ ಅವರ ಎದುರಿಗೇ ಹೇಳಿ ಬಂದಿದೀಯ!’ ಅವರ ಗಂಟಲೇ ದೊಡ್ಡದು. ಅಡಿಗೆಮನೆಯಿಂದ ಮಜ್ಜಿಗೆ ಪಾತ್ರೆ ಹಿಡಿದು ಬರುತ್ತಿದ್ದ ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ನಮ್ಮವರ ನಗು ಅರ್ಧಕ್ಕೇ ನಿಂತಿತು. ಅತ್ತೆ ಬಂದರು, ಮಗನಿಗೆ ಮಜ್ಜಿಗೆ ಬಡಿಸಿದರು, ನನಗೂ ಬಡಿಸಿದರು. ಏನೂ ಅನ್ನಲಿಲ್ಲ. ಆ ದಿನವಲ್ಲ, ಮರುದಿನವಲ್ಲ, ಎಂಟು ವರ್ಷ ಏನೂ ಅನ್ನಲಿಲ್ಲ. ಸಕ್ಕರೆ ಡಬ್ಬಿ ಮಾತ್ರ ಮಾರನೆಯ ದಿನ ಕೆಳಗಿನ ಗೂಡಿಗೆ ಬಂತು, ನನ್ನ ಕೈಗೆ ಸಿಗುವ ಹಾಗೆ. ಮಧ್ಯಾಹ್ನದ ಮೊರವೂ ನಿಂತಿತು. ನಾನು ಬಯಸಿದ್ದೆಲ್ಲ ಸಿಕ್ಕಿತು ನೋಡಿ. ಆದರೆ ಪತ್ರಿಕೆ ಹಿಡಿದು ಕೂತರೆ, ಎದುರಿನ ಆ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತಿತ್ತು.

ಆ ಅವಮಾನದಿಂದಲೇ ನಾನು ಇಂಗ್ಲಿಷ್ ಕಲಿಯಲು ಹೊರಟದ್ದು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಕೊಂಡೆ. ಅದರ ಹಿಂದೆ ಒಂದು ನಿಘಂಟು. ಮಗನ ಹೋಂವರ್ಕಿನ ಜೊತೆ ನನ್ನದೂ ನಡೆಯಿತು. ಆಗ ಗೊತ್ತಾಯಿತು, ನಾನು ಬಿಟ್ಟದ್ದು ಒಂದೇ ಒಂದು ‘ಆ್ಯಮ್’. ‘ಐ ಆ್ಯಮ್ ಪುಟ್ ಅಪ್’ ಎಂದಿದ್ದರೆ, ಅವರ ಮನೆಯಲ್ಲಿ ಇದ್ದೇನೆ ಎಂದು ನಮ್ಮ ಬೆಂಗಳೂರಿನ ಕಿವಿಗೆ ಅರ್ಥವಾಗುತ್ತಿತ್ತು. ‘ಆ್ಯಮ್’ ತೆಗೆದರೆ ಅವರನ್ನು ಸಹಿಸಿಕೊಂಡಿದ್ದೇನೆ ಎಂದು. ಅಷ್ಟೇ ಅಲ್ಲ, ಇಂಗ್ಲಿಷರಲ್ಲಿ ಆ ಮೊದಲ ಮಾತು ಅತಿಥಿಗಳಿಗೆ ಸಲ್ಲುವುದು. ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ನಾಲ್ಕು ದಿನ ತಂಗುವುದಕ್ಕೆ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದು, ಅಲ್ಲೇ ಮುದುಕರಾಗುವವರನ್ನೂ ಎಲ್ಲಿ ಪುಟಪ್ ಎಂದು ಕೇಳುವವರು ನಾವು.

ಕ್ರಿಯಾಪದಕ್ಕೆ ಅಪ್, ಆಫ್, ಔಟ್, ಆನ್ ಎಂಬ ಬಾಲ ಕಟ್ಟಿದ ಕೂಡಲೇ ಅರ್ಥ ಎಲ್ಲಿಗೋ ಹಾರಿಹೋಗುವ ಈ ಜಾತಿಯ ಮಾತುಗಳಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎಂದು ಹೆಸರು. ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ದೀಪ ಆರಿಸು, ಪುಟ್ ಆನ್ ಎಂದರೆ ತೊಟ್ಟುಕೊ, ಪುಟ್ ಡೌನ್ ಎಂದರೆ ನಾಲ್ಕು ಜನರೆದುರು ಹಂಗಿಸು. ಹೆಸರು ಹಳೆಯದೇನಲ್ಲ, ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬವರು 1925ರ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿ, ಹೀಗೆ ಕರೆಯಲು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಹೆನ್ರಿ ಬ್ರಾಡ್ಲಿ ಎಂದು ಹೇಳಿದ್ದಾರೆ. ಕಷ್ಟ ಮಾತ್ರ ಹಳೆಯದು. ಡಾಕ್ಟರ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ತೊಡಕಾಗುವುದು ಬಹುಶಃ ಇದೇ ಎಂಬರ್ಥದ ಮಾತು ಬರೆದಿದ್ದಾರೆ. ಅದನ್ನು ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅಷ್ಟು ದೊಡ್ಡವರೇ ಒಪ್ಪಿಕೊಂಡ ಮೇಲೆ ಅಕ್ಕಿಪೇಟೆಯ ಸೊಸೆಯದೇನು ತಪ್ಪು?

ಹಾಗೆ ನೋಡಿದರೆ ನಮ್ಮದೇನು ಕಡಮೆ? ಒಂದು ಮಧ್ಯಾಹ್ನ, ‘ಹಾಕು’ ಎಂಬ ನಮ್ಮ ಮಾತನ್ನೇ ಹಿಡಿದು ಪಟ್ಟಿ ಮಾಡಿದೆ. ಉಪ್ಪು ಹಾಕು, ಚಿಲಕ ಹಾಕು ಸರಿ. ಲೆಕ್ಕ ಹಾಕಿದರೆ ಗಣಿತ. ಟೋಪಿ ಹಾಕಿದರೆ ಮೋಸ. ತಾಳ ಹಾಕಿದರೆ ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು. ಬಾಯಿ ಹಾಕಿದರೆ ಇನ್ನೊಬ್ಬರ ಮಾತಿನ ನಡುವೆ ಬರುವುದು. ತಲೆ ಹಾಕದಿದ್ದರೆ ನೆಂಟರು ಮನೆ ಕಡೆ ಬರದಿರುವುದು. ಕಣ್ಣು ಹಾಕಿದರೆ ಕೆಟ್ಟದ್ದು, ಕೈ ಹಾಕಿದರೆ ಕೆಲಸ ಶುರು. ಒಬ್ಬ ಇಂಗ್ಲಿಷಿನವಳು ನಮ್ಮ ಬೀದಿಗೆ ಸೊಸೆಯಾಗಿ ಬಂದಿದ್ದರೆ, ಅವಳ ಪಾಡು ನನಗಿಂತ ಕೆಟ್ಟದಾಗುತ್ತಿತ್ತು.

ಆ ಪಟ್ಟಿಯ ಕೊನೆಗೆ ನಾನು ಬರೆದದ್ದು ‘ಹೊಟ್ಟೆಗೆ ಹಾಕಿಕೊ’. ತಪ್ಪಾಯಿತು, ಹೊಟ್ಟೆಗೆ ಹಾಕ್ಕೊಳ್ಳಿ ಎನ್ನುತ್ತೇವಲ್ಲ, ಅದು. ಪುಟ್ ಅಪ್ ವಿತ್ ಎಂಬುದಕ್ಕೆ ನಿಘಂಟಿನಲ್ಲಿ ಸಹಿಸು, ತಾಳಿಕೊ ಎಂದೆಲ್ಲ ಇತ್ತು. ಬಿಟಿಎಸ್ ಬಸ್ಸಿನ ಕಂಡಕ್ಟರನ್ನು ಕೇಳಿದ್ದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುತ್ತಿದ್ದ. 1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಬಂದರೂ ಆ ಮಂತ್ರ ಬದಲಾಗಲಿಲ್ಲ. ನನ್ನ ಮನಸ್ಸಿಗೆ ಹತ್ತಿರ ಬಂದದ್ದು ಮಾತ್ರ ಹೊಟ್ಟೆಗೆ ಹಾಕಿಕೊಳ್ಳುವುದೇ. 1991ರಲ್ಲಿ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಶುರುವಾದಾಗ ಅವರಿಗೊಂದು ಪತ್ರ ಬರೆದು ಸರಿಯೋ ಎಂದು ಕೇಳೋಣ ಎಂದುಕೊಂಡೆ. ಬರೆಯಲು ಕೂತರೆ, ಎಲ್ಲಿಂದ ಶುರುಮಾಡಲಿ, ಅತ್ತೆಯ ವಿಷಯ ಹೇಳದೆ ಪ್ರಶ್ನೆ ಕೇಳುವುದು ಹೇಗೆ ಎಂದು ಕೈ ನಿಂತಿತು. ಅದೇ ಅತ್ತೆ ನಡುಮನೆಯಲ್ಲಿದ್ದರು. ಅವರನ್ನು ಕೇಳಬಹುದಾಗಿತ್ತು. ಕೇಳಲಿಲ್ಲ.

1994ರಲ್ಲಿ ನಾಗರಬಾವಿಯಲ್ಲಿ ನಮ್ಮದೊಂದು ಮನೆ ಎದ್ದಿತು. ಸಾಲದ ಮನೆ, ಆದರೂ ಕಿಟಕಿಗಳಿದ್ದವು. ಗೃಹಪ್ರವೇಶ ಮುಗಿದು, ಸಾಮಾನು ಸಾಗಿಸುವ ದಿನ ಗೊತ್ತಾಯಿತು. ಬೇಸಿಗೆ. ಹೊಸ ಮನೆಗೆ ಹೋದ ಮೇಲೆ ಪುರಸೊತ್ತಾಗುವುದಿಲ್ಲ, ಉಪ್ಪಿನಕಾಯಿ ಇಲ್ಲೇ ಹಾಕಿಬಿಡೋಣ ಎಂದು ಅತ್ತೆ ಸಿಟಿ ಮಾರ್ಕೆಟ್ಟಿನಿಂದ ಮಾವಿನಕಾಯಿ ತರಿಸಿದರು. ತೊಳೆದು, ಒರೆಸಿ, ಬಟ್ಟೆಯ ಮೇಲೆ ಹರವಿ, ಈಳಿಗೆಮಣೆಯ ಮುಂದೆ ಕೂತರು. ನಾನು ಹೋಳುಗಳಿಗೆ ಉಪ್ಪು ಕಲೆಸುತ್ತಿದ್ದೆ.

‘ನೀವು ಹೋಗಿ. ನಾನು ಇಲ್ಲೇ ಇರ್ತೀನಿ’ ಎಂದರು, ತಲೆ ಎತ್ತದೆ.

‘ಯಾಕತ್ತೆ?’

‘ನೀನು ನನ್ನ ಪುಟಪ್ ಮಾಡ್ಕೊಂಡಿದ್ದು ಸಾಕು ಕಣಮ್ಮ. ಹದಿನೈದು ವರ್ಷ ಆಯ್ತು. ಹೊಸ ಮನೇಲಾದ್ರೂ ಹಾಯಾಗಿರು.’

ಅಕ್ಷರವೇ ಬಾರದ ಅತ್ತೆ ಆ ಇಂಗ್ಲಿಷ್ ಮಾತನ್ನು ಎಂಟು ವರ್ಷ ಜೋಪಾನ ಮಾಡಿದ್ದರು. ನನ್ನ ಕೈ ಉಪ್ಪಿನಲ್ಲೇ ನಿಂತಿತು. ಗಡಬಡಿಸಿ ನನ್ನ ವ್ಯಾಕರಣವನ್ನೆಲ್ಲ ಬಿಚ್ಚಿದೆ. ಅದು ಹಾಗಲ್ಲ ಅತ್ತೆ, ನಾನು ಹೇಳಹೊರಟದ್ದು ನಿಮ್ಮ ಮನೇಲಿದೀನಿ ಅಂತ, ನಡುವೆ ಒಂದು ‘ಆ್ಯಮ್’ ಬಿಟ್ಟುಹೋಯಿತು, ಅದಕ್ಕೇ ಅವರು ನಕ್ಕಿದ್ದು, ಎಂದು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಈಳಿಗೆ ಬದಿಗಿಟ್ಟು ನನ್ನ ಮುಖ ನೋಡಿದರು.

‘ಬಾಯಿ ತಪ್ಪಿ ಬಂತು ಅಂತೀಯ. ಸರಿ. ಮನಸ್ಸಲ್ಲಿ ಇರಲಿಲ್ವಾ?’

ಏನು ಹೇಳಲಿ? ಸುಳ್ಳು ಹೇಳಬಹುದಿತ್ತು. ಕೈ ಮೊಣಕೈವರೆಗೆ ಉಪ್ಪು, ಎದುರಿಗೆ ಅವರ ಮುಖ. ‘ಇತ್ತು ಅತ್ತೆ’ ಎಂದೆ.

‘ನಂಗೂ ಇತ್ತು’ ಎಂದರು ಅವರು, ಬೆಲ್ಲದ ಬೆಲೆ ಹೇಳುವಷ್ಟು ಸಹಜವಾಗಿ. ‘ಹಾಲು ಉಕ್ಕಿಸ್ತಾ ಪುಸ್ತಕ ಓದ್ತಿದ್ದೆ. ಎಷ್ಟು ಸಲ ಒಲೆ ಒರೆಸಿದೀನಿ ನಾನು? ನಿಮ್ಮಪ್ಪ ಬಂದಾಗಲೆಲ್ಲ ಅಕ್ಕಿ ಅಕ್ಕಿ ಅಂತ ಹಂಗಿಸ್ತಿದ್ರು. ಅದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. ‘ಈ ಮನೇಲಿ ಬಾಗಿಲಿರೋ ಕೋಣೆ ಒಂದೇ. ನಾನು ಮದುವೆಯಾಗಿ ಬಂದಾಗಿನಿಂದ ಅದು ನನ್ನದು. ನೀನು ಬಂದ ದಿನ ಹಾಸಿಗೆ ಸುತ್ಕೊಂಡು ನಡುಮನೆಗೆ ಬಂದೆ. ಅದಕ್ಕೆ ಏನಂತಾರೆ ನಿನ್ನ ಇಂಗ್ಲೀಷಲ್ಲಿ?’

ಹದಿನೈದು ವರ್ಷ ನಾನು ಆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ. ಅದು ಯಾರ ಕೋಣೆಯಾಗಿತ್ತು ಎಂದು ಒಂದು ದಿನ ಕೇಳಿರಲಿಲ್ಲ.

ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ರೆನ್ ಅಂಡ್ ಮಾರ್ಟಿನ್ ದಂಡವಾಗಿರಲಿಲ್ಲ. ಬಂದವರಿಗೆ ಮನೆಯಲ್ಲಿ ಜಾಗ ಕೊಟ್ಟು ಇರಿಸಿಕೊಳ್ಳುವುದಕ್ಕೆ ಇಂಗ್ಲಿಷಿನವರು ಏನೆನ್ನುತ್ತಾರೆ ಎಂದು ನಾನು ಓದಿದ್ದೆ.

‘ಅದಕ್ಕೂ ಪುಟಪ್ ಅಂತಲೇ ಅಂತಾರೆ ಅತ್ತೆ.’

‘ಹೌದೇನು?’ ಅವರಿಗೆ ನಂಬಿಕೆಯಾಗಲಿಲ್ಲ. ‘ಮಣೆ ಹಾಕೋದಕ್ಕೂ ಅದೇ, ಹೊಟ್ಟೆಗೆ ಹಾಕ್ಕೊಳ್ಳೋದಕ್ಕೂ ಅದೇನಾ?’

‘ಅದೇ.’

‘ಹಾಗಾದ್ರೆ ನಾನೂ ಮಾಡಿದೀನಿ, ಎರಡನ್ನೂ’ ಎಂದು ಈಳಿಗೆ ಮತ್ತೆ ಮುಂದಕ್ಕೆ ಎಳೆದುಕೊಂಡರು. ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಹೋದರೆ, ‘ಉಪ್ಪಿನ ಕೈ! ಕಣ್ಣಿಗೆ ಹೋದೀತು. ಹೋಳಿಗೆ ನೀರು ಬೀಳಿಸಬೇಡ, ಬೂಸ್ಟು ಬರುತ್ತೆ’ ಎಂದು ಗದರಿಸಿ, ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.

ಅವರು ನಮ್ಮ ಜೊತೆ ನಾಗರಬಾವಿಗೆ ಬಂದರು. ಸಾಮಾನಿನ ಲಾರಿಯಲ್ಲಿ ಭರಣಿ ಕಳಿಸಲು ಒಪ್ಪದೆ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು. ಹೊಸ ಮನೆಯಲ್ಲಿ ಅವರಿಗೆ ಬಾಗಿಲಿದ್ದ ಕೋಣೆ ಕೊಟ್ಟೆವು. ಅವರು ಅದನ್ನು ಒಂದು ದಿನವೂ ಮುಚ್ಚಿದ್ದು ನಾನು ನೋಡಲಿಲ್ಲ. ಮೊದಲ ವಾರವೇ ಮಧ್ಯಾಹ್ನ ನಾನು ಪತ್ರಿಕೆ ಹಿಡಿದು ಕೂತಾಗ, ಮೊರ ತೆಗೆದುಕೊಂಡು ಬಂದು ಎದುರಿಗೆ ಕೂತರು. ಎಂಟು ವರ್ಷದ ಮೇಲೆ ಆ ಸದ್ದು ಮತ್ತೆ ಕೇಳಿತು. ಆ ದಿನ ನಾನು ಓದಿದ ಧಾರಾವಾಹಿ ಯಾವುದೋ ನೆನಪಿಲ್ಲ, ಆದರೆ ಪೂರ್ತಿ ಓದಿದೆ. ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಸಕ್ಕರೆ ಡಬ್ಬಿಗೆ ಆಮೇಲೂ ನಾಲ್ಕಾರು ಸಲ ಜಗಳವಾಯಿತು. 2003ರಲ್ಲಿ ಅವರು ಹೋದರು.

2011ರಲ್ಲಿ ಮಗ ಕೆಲಸದ ಮೇಲೆ ಅಮೆರಿಕದ ಒಹಾಯೊದಲ್ಲಿದ್ದಾಗ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಆಗಸ್ಟ್ ತಿಂಗಳು. ಪಕ್ಕದ ಮನೆಯ ಮುದುಕಿಯೊಬ್ಬರು ಬೇಲಿಯ ಆಚೆಯಿಂದ ನನ್ನನ್ನು ಕೂಗಿ, ಇವತ್ತು ಉಪ್ಪಿನಕಾಯಿ ಹಾಕುತ್ತಿದ್ದೇನೆ, ಬಾ ಎಂದು ಕರೆದರು. ಅವರು ಬಳಸಿದ ಮಾತು ಏನು ಗೊತ್ತೇ? ‘ಪುಟಿಂಗ್ ಅಪ್ ಪಿಕಲ್ಸ್!’ ನಾನು ಬೇಲಿಯ ಪಕ್ಕದಲ್ಲೇ ನಿಂತುಬಿಟ್ಟೆ. ಹಣ್ಣು ತರಕಾರಿಯನ್ನು ಕೆಡದ ಹಾಗೆ ಜಾಡಿಗೆ ತುಂಬಿ ಎತ್ತಿಡುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಗಾಜಿನ ಜಾಡಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಎಳೆ ಸೌತೆಕಾಯಿ ತುಂಬಿ, ವಿನೆಗರ್ ಹುಯ್ದು, ಸಬ್ಬಸಿಗೆ ಸೊಪ್ಪು ತುರುಕಿ, ಆ ಮುದುಕಿ ಮುಚ್ಚಳ ಬಿಗಿದರು. ಅವರೂ ನನ್ನ ಕೈ ಒದ್ದೆಯಿದೆಯೇ ಎಂದು ನೋಡಿದರು! ಅತ್ತೆ ಇದ್ದಿದ್ದರೆ, ‘ಇದಕ್ಕೂ ಪುಟಪ್ಪಾ?’ ಎಂದು ನಗುತ್ತಿದ್ದರು. ನಾವೂ ಉಪ್ಪಿನಕಾಯಿಯನ್ನು ‘ಹಾಕು’ವುದೇ ತಾನೆ?

ಮಗನ ಮನೆಗೆ ಬಂದು ಮತ್ತೆ ನಿಘಂಟು ತೆರೆದೆ. ಈ ಪುಟ್ ಅಪ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಎತ್ತಿಡು, ಚೀಲಕ್ಕೆ ಸೇರಿಸು, ಕತ್ತಿಯನ್ನು ಒರೆಗೆ ಹಾಕು ಎಂಬ ಅರ್ಥಗಳಿದ್ದವಂತೆ. ಷೇಕ್ಸ್‌ಪಿಯರನ ರೋಮಿಯೋ ಜೂಲಿಯಟ್ ನಾಟಕದ ಮೊದಲ 
ದೃಶ್ಯದಲ್ಲೇ ಬೀದಿಯಲ್ಲಿ ಹೊಡೆದಾಡುವವರಿಗೆ ಕತ್ತಿ ಒರೆಗೆ ಹಾಕಿ ಎಂದು ಬೆನ್‌ವೋಲಿಯೋ ಹೇಳುವುದು ಈ ಮಾತಿನಲ್ಲೇ. ಅವಮಾನಕ್ಕೆ ಪ್ರತಿಯಾಗಿ ಕತ್ತಿ ಎತ್ತದೆ ನುಂಗಿಕೊಳ್ಳುವುದಕ್ಕೂ ಆ ಕಾಲದಲ್ಲಿ ಬರೀ ಪುಟ್ ಅಪ್ ಎನ್ನುತ್ತಿದ್ದರು. ‘ವಿತ್’ ಆಮೇಲೆ ಬಂದು ಸೇರಿಕೊಂಡದ್ದು.

ಒರೆಗೆ ಹಾಕಿದ ಕತ್ತಿ ಒಳಗೆ ಹಾಗೆಯೇ ಇರುತ್ತದೆ, ಎಳೆದರೆ ಮೊದಲಿನಷ್ಟೇ ಹರಿತ. ಆ ಎಂಟು ವರ್ಷ ಅತ್ತೆಯೂ ನಾನೂ ಮಾಡಿದ್ದು ಅದನ್ನೇ. ಹೊಟ್ಟೆಗೆ ಹಾಕಿಕೊಂಡದ್ದು ಅರಗಬೇಕು, ಉಪ್ಪಿನಕಾಯಿ ಊರಬೇಕು. ಅರಗದಿದ್ದರೆ ಹೊಟ್ಟೆನೋವು, ಊರದಿದ್ದರೆ ಬರೀ ಹುಳಿ. ನಮ್ಮಿಬ್ಬರದು ಕತ್ತಿಯಾಗಿಯೇ ಉಳಿಯದೆ ಉಪ್ಪಿನಕಾಯಿಯಾದದ್ದು, ಆ ದಿನ ಅವರು ಕೇಳಿದ್ದರಿಂದ ಮತ್ತು ನಾನು ಸುಳ್ಳು ಹೇಳದಿದ್ದರಿಂದ ಎಂದು ಕಾಣುತ್ತದೆ. ಸಹಿಸಿಕೊಂಡು ಹೋಗಮ್ಮ ಎಂದು ನಮಗೆಲ್ಲ ತವರಿನಲ್ಲಿ ಹೇಳಿ ಕಳಿಸುತ್ತಾರೆ. ಆಚೆಯವರೂ ನಮ್ಮನ್ನು ಸಹಿಸಿಕೊಂಡಿರುತ್ತಾರೆ, ಒಂದು ದಿನ ಕೂತು ಕೇಳು ಎಂದು ಯಾರೂ ಹೇಳಿ ಕಳಿಸುವುದಿಲ್ಲ.

ಈಗ ಮಗ, ಸೊಸೆ ಬೆಂಗಳೂರಿಗೆ ವಾಪಸು ಬಂದಿದ್ದಾರೆ. ಕನಕಪುರ ರಸ್ತೆಯಲ್ಲಿ ಅವರ ಫ್ಲಾಟು. ನಮಗೆ ವಯಸ್ಸಾಯಿತೆಂದು ಅವರ ಜೊತೆಯಲ್ಲೇ ಇರಿಸಿಕೊಂಡಿದ್ದಾರೆ. ಸೊಸೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಆಫೀಸು ಕೆಲಸ ಮಾಡುತ್ತಾಳೆ. ನಾನು ಕುಕ್ಕರಿನ ಸೀಟಿ ಹೊಡೆಸಿದರೆ ಕಿವಿಗೆ ಸಿಕ್ಕಿಸಿಕೊಂಡದ್ದನ್ನು ತೆಗೆದು ಒಮ್ಮೆ ನೋಡುತ್ತಾಳೆ, ಏನೂ ಅನ್ನುವುದಿಲ್ಲ. ಮೊನ್ನೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು:

‘ಯಾ, ಮೈ ಮದರ್ ಇನ್ ಲಾ ಈಸ್ ಪುಟಿಂಗ್ ಅಪ್ ವಿತ್ ಅಸ್ ನೌ.’

ಪೇಪರು ಓದುತ್ತಿದ್ದ ಮಗ ನನ್ನ ಮುಖ ನೋಡಿದ. ಅವನಿಗೆ ಈ ಕಥೆಯೆಲ್ಲ ಗೊತ್ತು. ‘ಅಮ್ಮ, ಕೇಳಿಸ್ತಾ? ಅವಳಿಗೆ ಹೇಳಲಾ?’ ಎಂದ, ನಗು ತಡೆದುಕೊಂಡು.

‘ಬೇಡ ಕಣೋ. ಸರಿಯಾಗಿಯೇ ಹೇಳಿದಾಳೆ’ ಎಂದೆ.

ಆಮೇಲೆ ಅಡಿಗೆಮನೆಗೆ ಹೋಗಿ ಕುಕ್ಕರನ್ನು ಇಳಿಸಿದೆ. ಮಧ್ಯಾಹ್ನ ಅವಳಿಗೆ ಬಿಡುವಾದಾಗ ಎದುರಿಗೆ ಕೂತು, ಸೀಟಿಯ ಸದ್ದಿಗೆ ತೊಂದರೆಯಾಗುತ್ತಾ ಎಂದು ಕೇಳಬೇಕು. ಹೌದು ಎಂದರೆ ಬೇಜಾರು ಮಾಡಿಕೊಳ್ಳಬಾರದು ಎಂದು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.